ಅಜ್ಜನ ಜೊತೆಗೆ ಯಾರು?

ಆಗಸ್ಟ್ ತಿಂಗಳ ಕೊನೆಯ ಗುರುವಾರ ರಾದಿಸಾವ್‌ಗೆ ಕೆಲಸ ಸಿಕ್ಕಿತು. ಆಗ ಅವನಿಗೆ ಐವತ್ತೇಳು ವರ್ಷ. ಅವನು ದುಡಿಯುತ್ತಿದ್ದ ಲೆಸ್ಕೋವಾತ್ಸ್ ಊರಿನ ನೇಯ್ಗೆ ಗಿರಣಿ ಮುಚ್ಚಿ ಹದಿನಾಲ್ಕು ವರ್ಷವಾಗಿತ್ತು. ಅಂದಿನಿಂದ ಊರಿನ ಹೆಂಗಸರ ಹೊಲಿಗೆ ಯಂತ್ರ, ಬಟ್ಟೆ ಒಗೆಯುವ ಯಂತ್ರ ರಿಪೇರಿ ಮಾಡಿಕೊಂಡು, ಸಿಕ್ಕಿದ ದಿನ ಸಿಕ್ಕಿತು ಎಂದು ದಿನ ದೂಡಿದ್ದ. ಈಗ ಉತ್ತರದ ಗಡಿಯಲ್ಲಿರುವ ಸುಬೋತಿತ್ಸಾ ನಗರದ ಕೇಬಲ್ ಕಾರ್ಖಾನೆಯೊಂದು ಯಂತ್ರಗಳ ಉಸ್ತುವಾರಿಗೆ ಅವನನ್ನು ಕರೆದಿತ್ತು. ಅಕ್ಟೋಬರ್ ಒಂದರಂದು ಹಾಜರಾಗಬೇಕು. ಇರಲು ಮನೆಯನ್ನೂ ಅವರೇ ಕೊಡುತ್ತಾರೆ.

ಅವನು ಫೋನ್ ಇಟ್ಟು ಅಡುಗೆಮನೆಗೆ ಬಂದಾಗ ಉಳಿದವರು ಊಟಕ್ಕೆ ಕೂತಿದ್ದರು. ಹೆಂಡತಿ ದೆಸಾಂಕಾ ಬಿಳಿ ಬೀನ್ಸ್ ಕಾಳಿನ ಸಾರು ಬಡಿಸುತ್ತಿದ್ದಳು. ಮಗ ಉರೋಶ್, ಹತ್ತೊಂಬತ್ತರವನು, ಒಂದು ಕೈಯಲ್ಲಿ ಬ್ರೆಡ್ಡು ಒಂದು ಕೈಯಲ್ಲಿ ಫೋನು ಹಿಡಿದಿದ್ದ. ಮಗಳು ಬಿಲ್ಯಾನಾ ಅಜ್ಜನ ಪಕ್ಕದಲ್ಲಿ ಕೂತು ಅವನ ಕೊರಳಿಗೆ ಟವೆಲ್ ಕಟ್ಟಿ ಚಮಚದಲ್ಲಿ ಉಣಿಸುತ್ತಿದ್ದಳು. ಅವಳಿಗೆ ಮೂವತ್ತಮೂರು. ಚಿಕಿತ್ಸಾಲಯದಲ್ಲಿ ರಕ್ತ ಪರೀಕ್ಷೆಯ ಕೆಲಸ. ಒಂದು ಸಲ ಮದುವೆ ನಿಶ್ಚಯವಾಗಿ ಮುರಿದಿತ್ತು, ಆಮೇಲೆ ಯಾರೂ ಆ ಮಾತು ಎತ್ತಿರಲಿಲ್ಲ. ಅಜ್ಜ ಸ್ವೆತೋಜಾರ್, ರಾದಿಸಾವ್‌ನ ಅಪ್ಪ, ಒಂದು ಕಾಲದಲ್ಲಿ ಅದೇ ಗಿರಣಿಯ ಮೇಸ್ತ್ರಿಯಾಗಿದ್ದವನು. ಮೂರು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಎಡಭಾಗ ಸತ್ತಿತ್ತು. ನಾಲಗೆ ಅರ್ಧ ಹೊರಳುತ್ತಿತ್ತು. ಬೈಗುಳಕ್ಕೆ ಮಾತ್ರ ಪೂರ್ತಿ ಹೊರಳುತ್ತಿತ್ತು.

ರಾದಿಸಾವ್ ಸುದ್ದಿ ಹೇಳಿ, ಬ್ರೆಡ್ ತಂದ ಕಾಗದದ ಚೀಲವನ್ನು ಹರಿದು ಮೇಜಿನ ಮೇಲೆ ಹರಡಿ, ಪೆನ್ಸಿಲ್ಲಿನಿಂದ ಹೊಸ ಮನೆಯ ನಕ್ಷೆ ಎಳೆದ.

"ಇದು ನನಗೆ, ನಿಮ್ಮಮ್ಮನಿಗೆ. ಇದು ಉರೋಶ್‌ಗೆ. ಅಲ್ಲಿ ಟೆಕ್ನಿಕಲ್ ಕಾಲೇಜಿದೆ, ಸೇರ್ಕೊಳ್ಳಲಿ. ಅಡುಗೆಮನೆ ಇಲ್ಲಿ. ಕಿಟಕಿ ಬೀದಿ ಕಡೆಗೆ."

"ಕಿಟಕಿ ಎಷ್ಟಗಲ ಇದೆ?" ದೆಸಾಂಕಾ ಕೇಳಿದಳು.

"ನಾನೇನು ಅಳೆದುಕೊಂಡು ಬಂದಿದೀನಾ? ಕಿಟಕಿಯಷ್ಟಗಲ ಇದೆ."

"ಎರಡೇ ರೂಮು," ಎಂದಳು ಬಿಲ್ಯಾನಾ. "ಅಜ್ಜ ಎಲ್ಲಿ ಮಲಗೋದು?"

"ಮೂರನೇ ಮಹಡಿ ಕಣೇ, ಲಿಫ್ಟ್ ಇಲ್ಲ. ಅಜ್ಜನ್ನ ದಿನಾ ಹೊತ್ತು ಇಳಿಸೋಕಾಗತ್ತಾ? ಅಜ್ಜ ಇಲ್ಲೇ ಇರ್ತಾನೆ. ನಿನ್ನ ಜೊತೆ."

"ನನ್ನ ಜೊತೆ."

"ಮತ್ತೆ? ನಿನಗೆ ಇಲ್ಲಿ ಕೆಲಸ ಇದೆ, ಮನೆ ಇದೆ. ಅಜ್ಜನಿಗೂ ನಿನ್ನ ಕೈಯೇ ಅಭ್ಯಾಸ."

ಅಷ್ಟು ಹೇಳಿ ಅವನು ಉಪ್ಪಿನ ಡಬ್ಬಿ ಕೇಳಿದ. ಬಿಲ್ಯಾನಾ ಅದನ್ನು ಅವನ ಕಡೆ ತಳ್ಳಿ, ಅಜ್ಜನ ಗಲ್ಲದ ಮೇಲೆ ಇಳಿದ ಸಾರನ್ನು ಟವೆಲಿನಲ್ಲಿ ಒರೆಸಿದಳು. ಯಾರೂ ಅವಳ ಮುಖ ನೋಡಲಿಲ್ಲ. ಅಜ್ಜ ಒಬ್ಬನೇ ನೋಡಿದ.

ಮುಂದಿನ ಎರಡು ವಾರ ಮನೆಯಲ್ಲಿ ಹೊರಡುವ ಮಾತೇ ಮಾತು. ಯಾವ ಮಂಚ ಹೋಗಬೇಕು, ಯಾವುದು ಇರಬೇಕು. ಫ್ರಿಜ್ ಇಲ್ಲಿಗಾ ಅಲ್ಲಿಗಾ. ಚಳಿಗಾಲದ ಹೊದಿಕೆ ಎಷ್ಟು. ದೆಸಾಂಕಾ ಇಷ್ಟು ಮಾತಾಡಿದ್ದನ್ನು ಮಕ್ಕಳು ಕಂಡಿರಲಿಲ್ಲ. ಗಂಡನಿಂದ ನಾಲ್ಕು ಸಲ ಫೋನ್ ಮಾಡಿಸಿ ಕೊನೆಗೆ ಆ ಕಿಟಕಿಯ ಅಳತೆ ತರಿಸಿಕೊಂಡಳು. ಪೇಟೆಗೆ ಹೋಗಿ ಹಳದಿ ಹೂವಿನ ಬಟ್ಟೆ ತಂದು ಪರದೆ ಹೊಲಿಯಲು ಕೂತಳು. ಹೊಲಿಯುವಾಗ ಅಜ್ಜ ಒಳಗಿನಿಂದ "ಏ ಹೆಂಗಸೇ! ನೀರು!" ಎಂದು ಕೂಗಿದರೆ, "ಬಿಲ್ಯಾನಾ, ನಿಮ್ಮಜ್ಜ ಕರೀತಿದಾನೆ ನೋಡು," ಎಂದು ಕೂತಲ್ಲಿಂದಲೇ ಹೇಳುತ್ತಿದ್ದಳು. ಆಗಲೇ ಅರ್ಧ ಸುಬೋತಿತ್ಸಾದಲ್ಲಿ ಇದ್ದಳು ಅವಳು.

ಬಿಲ್ಯಾನಾ ಮೊದಲು ಸೋದರತ್ತೆ ಲ್ಯೂಬಿಂಕಾಳ ಮನೆಗೆ ಹೋದಳು. ಅಜ್ಜನ ಒಬ್ಬಳೇ ಮಗಳು ಆಕೆ. ವೆಟರ್ನಿತ್ಸಾ ನದಿಯ ಆಚೆ ದಡದಲ್ಲಿ, ಮೂರು ಕೋಣೆಯ ಮನೆಯಲ್ಲಿ ಗಂಡನೊಂದಿಗೆ ಇದ್ದಳು.

"ನಾನು ನೋಡ್ಕೊಳ್ತಿದ್ದೆ ಕಣೇ ಬಂಗಾರ," ಎಂದಳು ಅತ್ತೆ, ಕಾಫಿ ಬಗ್ಗಿಸುತ್ತಾ. "ಆದ್ರೆ ನನ್ನ ಮನೇಲಿ ಒಬ್ಬ ಗಂಡಸಿದಾನಲ್ಲ. ನಿನಗೆ ಆ ತಾಪತ್ರಯ ಇಲ್ಲ."

"ತಿಂಗಳಲ್ಲಿ ಹತ್ತು ದಿನ ಆದ್ರೂ ಕರ್ಕೊಂಡು ಬಾ ಅತ್ತೆ."

"ಮುದುಕರನ್ನ ಹೂಕುಂಡದ ಹಾಗೆ ಅಲ್ಲಿ ಇಲ್ಲಿ ಇಡಬಾರದು. ಪಾಪ ತಟ್ಟತ್ತೆ. ಬಿಸ್ಕತ್ತು ತಗೋ."

ಬಿಲ್ಯಾನಾ ಬಿಸ್ಕತ್ತು ತೆಗೆದುಕೊಳ್ಳಲಿಲ್ಲ. ಮರುದಿನ ಕೆಲಸ ಮುಗಿಸಿ ಊರಿನ ವೃದ್ಧಾಶ್ರಮಕ್ಕೆ ಹೋದಳು. ಅಲ್ಲಿನ ಗುಮಾಸ್ತೆ ಒಳ್ಳೆಯವಳು. ಕೆಳಮಹಡಿಯಲ್ಲಿ ಒಂದು ಹಾಸಿಗೆ ಅಕ್ಟೋಬರಿನಲ್ಲಿ ಖಾಲಿಯಾಗುತ್ತದೆ, ಮುದುಕನ ಪಿಂಚಣಿಯಲ್ಲೇ ಖರ್ಚಿನ ಬಹುಪಾಲು ಕಳೆಯುತ್ತದೆ, ಮಗನ ಸಹಿ ಬೇಕು ಎಂದು ಹೇಳಿ ಅರ್ಜಿ ಕೊಟ್ಟಳು. ಬಿಲ್ಯಾನಾ ಎಲ್ಲ ತುಂಬಿ, ಸಹಿಯ ಜಾಗ ಬಿಟ್ಟು, ಮನೆಗೆ ತಂದಳು. ಮೊದಲು ಅಜ್ಜನಿಗೇ ಓದಿ ಹೇಳಿದಳು.

ಅಜ್ಜ ಬಾಯಿ ಸೊಟ್ಟ ಮಾಡಿಕೊಂಡು ಕೇಳಿದ: "ಅಲ್ಲಿ... ರಾಕಿಯಾ ಸಾರಾಯಿ ಕೊಡ್ತಾರಾ?"

"ಇಲ್ಲ ಅಜ್ಜ."

"ಇಲ್ಲೂ ಕೊಡಲ್ವಲ್ಲ," ಎಂದ. "ಹಾಕು. ನಾನು ಹೋಗ್ತೀನಿ."

ರಾದಿಸಾವ್ ಅರ್ಜಿಯನ್ನು ನಿಂತಲ್ಲೇ ಓದಿದ. ಮಡಚಿದ. ಇನ್ನೊಮ್ಮೆ ಮಡಚಿದ.

"ನಾಲ್ಕು ಜನ ಇರೋ ಮನೆಯವನು ಅಪ್ಪನ್ನ ಆಶ್ರಮಕ್ಕೆ ಹಾಕ್ದ ಅಂತ ಗಿರಣಿ ಬೀದಿ ಪೂರಾ ಆಡ್ಕೊಳ್ಳತ್ತೆ."

"ಅಜ್ಜನೇ ಒಪ್ಪಿದಾನೆ ಅಪ್ಪ. ಕೇಳು ಬೇಕಾದ್ರೆ."

"ಅವನ ಅರ್ಧ ತಲೆ ಸತ್ತಿದೆ, ಅವನೇನು ಒಪ್ಪೋದು? ನಾನು ಸಹಿ ಮಾಡಲ್ಲ."

"ನೀನು ಈ ಬೀದೀಲೇ ಇರಲ್ವಲ್ಲ. ಬೀದಿ ಆಡ್ಕೊಂಡ್ರೆ ನಿನಗೇನು?"

"ನಾಲಗೆ ಉದ್ದ ಆಯ್ತು ನಿಂದು," ಎಂದು ಅವನು ಅರ್ಜಿಯನ್ನು ಒಲೆಯ ಬಾಯಿಗೆ ಹಾಕಿದ. ಸೆಪ್ಟೆಂಬರ್ ತಿಂಗಳು, ಒಲೆ ಹೊತ್ತಿರಲಿಲ್ಲ. ಕಾಗದ ಬೂದಿಯ ಮೇಲೆ ಹಾಗೇ ಕೂತಿತು. ದೆಸಾಂಕಾ ಸಂಜೆ ಸೌದೆ ಹಾಕುವಾಗ ಅದನ್ನು ನೋಡಿದಳು, ತೆಗೆಯಲಿಲ್ಲ, ಬೆಂಕಿ ಹಚ್ಚಿದಳು. ಬಿಲ್ಯಾನಾ ಅದನ್ನು ಬಾಗಿಲಲ್ಲಿ ನಿಂತು ಕಂಡಳು.

ಸೆಪ್ಟೆಂಬರ್ ಎರಡನೆಯ ಶನಿವಾರ ಮೆಣಸಿನಕಾಯಿ ಸುಡುವ ದಿನ. ಆ ಬೀದಿಯ ಪ್ರತಿ ಹಿತ್ತಲಲ್ಲೂ ಹೊಗೆ. ದೆಸಾಂಕಾ ಆ ವರ್ಷ ಎಂಬತ್ತು ಕಿಲೋ ಕೆಂಪು ದೊಣ್ಣೆಮೆಣಸು ತರಿಸಿದ್ದಳು. ಒಂದು ಪಾಲು ಅಲ್ಲಿಗೆ, ಒಂದು ಪಾಲು ಇಲ್ಲಿಗೆ. ತಗಡಿನ ಒಲೆಯನ್ನು ಹಿತ್ತಲಿಗೆ ಎಳೆದು ತಾಯಿ ಸುಡುತ್ತಿದ್ದಳು, ಮಗಳು ಕಪ್ಪಾದ ಸಿಪ್ಪೆ ಸುಲಿಯುತ್ತಿದ್ದಳು. ಬೆರಳ ತುದಿ ಉರಿಯುತ್ತಿತ್ತು. ಅಜ್ಜನನ್ನು ಕುರ್ಚಿ ಸಮೇತ ಬಾಗಿಲಿಗೆ ತಂದು ಬಿಸಿಲಲ್ಲಿ ಕೂರಿಸಿದ್ದರು.

"ಐವತ್ತು ಬಾಟಲಿ ಐವಾರ್ ಚಟ್ನಿ ಆಗತ್ತೆ," ದೆಸಾಂಕಾ ಹೇಳಿದಳು. "ಮೂವತ್ತು ನಾವು ತಗೊಂಡು ಹೋಗ್ತೀವಿ. ಇಪ್ಪತ್ತು ನಿಮಗಿಬ್ಬರಿಗೆ ಸಾಕಲ್ಲ?"

"ಅಮ್ಮ, ನಾನು ಇರ್ತೀನಿ ಅಂತ ಯಾವಾಗ ಹೇಳಿದೆ?"

"ಸುಲಿ ಸುಲಿ, ಆರಿದ್ರೆ ಸಿಪ್ಪೆ ಬರಲ್ಲ."

"ನನ್ನನ್ನ ಯಾರಾದ್ರೂ ಕೇಳಿದ್ರಾ?"

ದೆಸಾಂಕಾ ಇಕ್ಕಳ ಕೆಳಗಿಟ್ಟಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಮೂವತ್ತೈದು ವರ್ಷ ಆಯ್ತು ನಾನು ಈ ಮನೆಗೆ ಬಂದು. ಒಂದು ದಿನ ನನ್ನ ಸಾರಿಗೆ ಉಪ್ಪು ಸರಿ ಇದೆ ಅಂದಿಲ್ಲ ಆ ಮನುಷ್ಯ. ನಿನ್ನ ಹೆತ್ತು ಮೂರನೇ ದಿನಕ್ಕೆ ಅವನ ಅಂಗಿ ಒಗೆದೆ. ಬೆಳಗ್ಗೆ ಎದ್ರೆ ಅಡುಗೆಮನೇಲಿ ಅವನು, ಮಲಗೋವಾಗ ಅಡುಗೆಮನೇಲಿ ಅವನು. ಅವನಿಲ್ಲದ ಒಂದು ಅಡುಗೆಮನೆ ಬೇಕು ನನಗೆ. ಸಾಯೋಕೆ ಮುಂಚೆ ಒಂದೇ ಒಂದು. ಎರಡು ವರ್ಷ ನೋಡ್ಕೋ, ಬಿಲ್ಯಾನಾ. ಎರಡೇ ವರ್ಷ."

"ಎರಡು ವರ್ಷ ಅಂತ ಯಾರು ಹೇಳಿದ್ರು? ಅಜ್ಜ ಕ್ಯಾಲೆಂಡರ್ ನೋಡಿ ಸಾಯ್ತಾನಾ?"

"ಛೀ, ಬಾಯಿ ಮುಚ್ಚು!"

"ಅವತ್ತು ಅಪ್ಪ ಆ ಅರ್ಜಿಗೆ ಸಹಿ ಹಾಕಿದ್ರೆ ಎಲ್ಲಾ ಸರಿಹೋಗ್ತಿತ್ತು. ನೀನು ಒಂದು ಮಾತು ಹೇಳಿದ್ರೆ ಹಾಕ್ತಿದ್ದ. ನೀನು ಒಲೆಗೆ ಕಡ್ಡಿ ಗೀರಿದೆ."

"ಅವನ ಎದುರು ಮಾತಾಡಿದ್ರೆ ನನ್ನನ್ನೂ ಇಲ್ಲೇ ಬಿಟ್ಟು ಹೋಗ್ತಾನೆ!"

"ಅದಕ್ಕೆ ನನ್ನನ್ನ ಬಿಡೋದಾ?"

ಹೊಗೆ ತಿರುಗಿ ಇಬ್ಬರ ಮುಖಕ್ಕೂ ಬಂತು. ದೆಸಾಂಕಾ ಕಣ್ಣು ಒರೆಸಿಕೊಂಡು, ಇಕ್ಕಳ ಎತ್ತಿಕೊಂಡು, ಮೆಣಸಿನಕಾಯಿ ತಿರುವುತ್ತ, ಸೊಪ್ಪಿನ ಬೆಲೆ ಹೇಳುವಂಥ ದನಿಯಲ್ಲಿ ಹೇಳಿದಳು: "ನಿನಗೆ ಗಂಡನಾ, ಮಕ್ಕಳಾ? ಯಾರ ಹತ್ರ ಓಡಿಹೋಗಬೇಕು ನೀನು? ಖಾಲಿ ಇರೋ ಕೈಗೆ ಕೆಲಸ ಕೊಟ್ರೆ ತಪ್ಪಾ?"

ಬಿಲ್ಯಾನಾ ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡಳು. ಸಂಜೆಯವರೆಗೆ ಕೂತು ಎಂಬತ್ತು ಕಿಲೋ ಮೆಣಸಿನಕಾಯಿ ಮುಗಿಸಿದಳು. ಸೋಮವಾರ ಕೆಲಸದಿಂದ ಹೊರಬಂದವಳು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಬ್ಬ ದರ್ಜಿ ಹೆಂಗಸಿನ ಮನೆಯ ಮೇಲ್ಗಡೆ, ಒಂದು ಕೋಣೆ ಬಾಡಿಗೆಗೆ ಹಿಡಿದಳು. ಒಂದು ಮಂಚ, ಒಂದು ಗ್ಯಾಸ್ ಒಲೆ, ಕೈತೊಳೆಯುವ ಬೇಸಿನ್ನು. ಮನೆಯೊಡತಿ ಎಷ್ಟು ಜನ ಇರುತ್ತೀರಿ ಎಂದು ಕೇಳಿದಾಗ "ಒಬ್ಬಳೇ" ಎಂದು ಹೇಳಿ, ಆ ಮಾತು ಇಷ್ಟು ಹಗುರವಾಗಿ ಬಂತಲ್ಲ ಎಂದು ಅವಳಿಗೇ ನಾಚಿಕೆಯಾಯಿತು.

ಭಾನುವಾರದ ಊಟಕ್ಕೆ ಕೋಳಿಸಾರು ಇತ್ತು. ಎಲ್ಲರ ತಟ್ಟೆಗೂ ಬಿದ್ದ ಮೇಲೆ ಅವಳು ಹೇಳಿದಳು: "ಇಪ್ಪತ್ತೈದನೇ ತಾರೀಕಿಂದ ನಾನು ಬೇರೆ ಇರ್ತೀನಿ. ರೂಮು ಮಾಡಿದೀನಿ."

ಉರೋಶ್ ಫೋನಿನಿಂದ ತಲೆ ಎತ್ತಿದ. ರಾದಿಸಾವ್ ಚಮಚವನ್ನು ಸಾರಿನಲ್ಲೇ ಬಿಟ್ಟ.

"ಅಜ್ಜ?"

"ನಿನ್ನ ಅಪ್ಪ ಅವನು. ವಾರಕ್ಕೆ ಎರಡು ದಿನ ಬಂದು ಸ್ನಾನ ಮಾಡಿಸ್ತೀನಿ. ಆಸ್ಪತ್ರೆಗೆ ಬೇಕಾದ್ರೆ ಕರ್ಕೊಂಡು ಹೋಗ್ತೀನಿ. ಒಬ್ಬಳೇ ಹಗಲೂ ರಾತ್ರಿ ನನ್ನ ಕೈಲಾಗಲ್ಲ. ಆಶ್ರಮದಲ್ಲಿ ಹಾಸಿಗೆ ಇನ್ನೂ ಇದೆ. ಹೊಸ ಅರ್ಜಿ ತಂದಿದೀನಿ."

ಅವನು ಕೂಗಾಡುತ್ತಾನೆ ಎಂದು ಅವಳು ಎಣಿಸಿದ್ದಳು. ಅದಕ್ಕೆ ಉತ್ತರಗಳನ್ನೂ ಇಟ್ಟುಕೊಂಡಿದ್ದಳು. ರಾದಿಸಾವ್ ಕೂಗಲಿಲ್ಲ. ಚಮಚ ಎತ್ತಿ ಒಂದು ಗುಟುಕು ಕುಡಿದ, ಮೀಸೆ ಒರೆಸಿಕೊಂಡ.

"ಹಾಗಾದ್ರೆ ದೆಸಾಂಕಾ ಸದ್ಯಕ್ಕೆ ಇಲ್ಲಿರ್ತಾಳೆ," ಎಂದ.

ಆ ತೀರ್ಮಾನಕ್ಕೆ ಒಂದು ಗುಟುಕು ಸಾರಿನಷ್ಟೇ ಹೊತ್ತು ಹಿಡಿಯಿತು. ದೆಸಾಂಕಾ ಬ್ರೆಡ್ ಕತ್ತರಿಸುತ್ತಿದ್ದಳು. ಚಾಕು ನಿಲ್ಲಲಿಲ್ಲ. ಯಾರಿಗೂ ಬೇಡದಷ್ಟು ಬ್ರೆಡ್ ಕತ್ತರಿಸಿದಳು.

"ಅಮ್ಮ ಯಾಕೆ?" ಬಿಲ್ಯಾನಾಳ ದನಿ ಏರಿತು. "ಅಮ್ಮನ್ನ ಯಾಕೆ ಎಳೀತೀಯ? ಅತ್ತೆಗೆ ಹೇಳು. ಅರ್ಜಿಗೆ ಸಹಿ ಹಾಕು. ಬೇರೆ ಕೆಲಸ ನೋಡು!"

"ಹದಿನಾಲ್ಕು ವರ್ಷ ನೋಡಿದೆ. ನಿನಗೆ ಗೊತ್ತಿಲ್ವಾ?"

"ನಾನು ಇರ್ತೀನಿ ಬೇಕಾದ್ರೆ," ಎಂದ ಉರೋಶ್, ಮೆಲ್ಲಗೆ.

"ನೀನು? ಅಜ್ಜನ ಚಡ್ಡಿ ಬದಲಾಯಿಸ್ತೀಯಾ?" ಎಂದ ರಾದಿಸಾವ್.

ಉರೋಶ್ ಕಿವಿ ಕೆಂಪಗೆ ಮಾಡಿಕೊಂಡು ತಟ್ಟೆ ನೋಡಿದ.

"ಅವನು ಗಂಡುಹುಡುಗ, ಬಿಡಿ," ಎಂದಳು ದೆಸಾಂಕಾ. ಆ ಊಟದಲ್ಲಿ ಅವಳು ಆಡಿದ್ದು ಅಷ್ಟೇ.

ಅಜ್ಜ ಬಲಗೈಯಿಂದ ಮೇಜು ಬಡಿದ. ಬಟ್ಟಲು ಹಾರಿ ಸಾರು ಚೆಲ್ಲಿತು. "ನನ್ನ... ನನ್ನ..." ಎಂದ. ಮುಂದಿನದು ಹೊರಗೆ ಬರಲಿಲ್ಲ. ತಾಯಿ ಮಗಳು ಇಬ್ಬರೂ ಒರೆಸಲು ಬಟ್ಟೆ ಹಿಡಿದು ಎದ್ದರು. ದೆಸಾಂಕಾ ಮಗಳ ಕೈಯಿಂದ ಬಟ್ಟೆ ಕಿತ್ತುಕೊಂಡಳು.

ನಾಲ್ಕು ದಿನ ಬಿಲ್ಯಾನಾ ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ಸಂಜೆ ತಾಯಿ ಹಿತ್ತಲಲ್ಲಿ ಹಾಸಿಗೆ ವಸ್ತ್ರ ಒಣಗಹಾಕುತ್ತಿದ್ದಾಗ ಹೋಗಿ ಇನ್ನೊಂದು ತುದಿ ಹಿಡಿದಳು.

"ರೂಮು ಬಿಡ್ತೀನಿ ಅಮ್ಮ. ನಾನೇ ಇರ್ತೀನಿ. ನೀನು ಹೋಗು."

ದೆಸಾಂಕಾ ವಸ್ತ್ರವನ್ನು ಜೋರಾಗಿ ಕೊಡವಿದಳು, ತುದಿ ಮಗಳ ಕೈ ತಪ್ಪುವಷ್ಟು.

"ಬೇಡ."

"ಸಿಟ್ಟಲ್ಲಿ ಹೇಳ್ಬೇಡ."

"ಸಿಟ್ಟಲ್ಲ. ಯೋಚನೆ ಮಾಡೇ ಹೇಳ್ತಿದೀನಿ. ನೀನು ಉಳಿದ್ರೆ ಜೀವನಪೂರ್ತಿ ಅದನ್ನ ನನ್ನ ತಟ್ಟೇಲಿ ಬಡಿಸ್ತೀಯ. ಫೋನ್ ಮಾಡಿದಾಗೆಲ್ಲ ಬಡಿಸ್ತೀಯ, ಹಬ್ಬಕ್ಕೆ ಬಂದಾಗೆಲ್ಲ ಬಡಿಸ್ತೀಯ. ನನಗೆ ಆ ಊಟ ಬೇಡ. ಹೋಗು, ನಿನ್ನ ರೂಮಲ್ಲಿ ಸುಖವಾಗಿರು."

"ನಾನೇನು ಸುಖಕ್ಕೆ ಹೋಗ್ತಿದೀನಾ?"

"ಮತ್ಯಾಕೆ ಹೋಗ್ತೀಯ?"

ಬಿಲ್ಯಾನಾ ವಸ್ತ್ರದ ತುದಿಗೆ ಕೊನೆಯ ಕ್ಲಿಪ್ಪು ಸಿಕ್ಕಿಸಿದಳು. ಕ್ಲಿಪ್ಪುಗಳ ಡಬ್ಬಿಯನ್ನು ತಾಯಿಯ ಕಾಲ ಬಳಿ ಇಟ್ಟು ಒಳಗೆ ಹೋಗಿ ಸೂಟ್‌ಕೇಸ್ ತುಂಬಿದಳು. ಇಪ್ಪತ್ತೈದಕ್ಕೆ ಹೊರಟಾಗ ಅಜ್ಜನ ಗಡ್ಡ ಬೋಳಿಸಿ, ಉಗುರು ಕತ್ತರಿಸಿ, ಮಾತ್ರೆಗಳನ್ನು ದಿನದ ಪ್ರಕಾರ ಡಬ್ಬಿಗೆ ಹಾಕಿಟ್ಟಳು. ಅಜ್ಜ ಅವಳ ಮಣಿಕಟ್ಟು ಹಿಡಿದುಕೊಂಡ, ಆಮೇಲೆ ತಾನೇ ಬಿಟ್ಟ.

ಮೂವತ್ತರ ಬೆಳಿಗ್ಗೆ ವ್ಯಾನು ಬಂತು. ಎರಡು ಮಂಚ, ಮೇಜು, ಉಪಕರಣಗಳ ಪೆಟ್ಟಿಗೆ, ಮೂವತ್ತು ಬಾಟಲಿ ಐವಾರ್. ಹಳದಿ ಪರದೆಯನ್ನು ದೆಸಾಂಕಾ ತಾನೇ ಮಡಚಿ ಕಾಗದದಲ್ಲಿ ಸುತ್ತಿ ಕೊಟ್ಟಳು.

"ಕ್ರಿಸ್ಮಸ್ಸಿನೊಳಗೆ ಏನಾದ್ರೂ ದಾರಿ ಮಾಡ್ತೀನಿ," ಎಂದ ರಾದಿಸಾವ್. "ಕೆಳಗಿನ ಮನೆ ಒಂದು ಸಿಕ್ಕಿದ್ರೆ ಅಪ್ಪನ್ನೂ ಕರ್ಕೊಂಡು ನೀನೂ ಬಂದುಬಿಡು."

"ಪರದೇನ ಹಾಕೋಕೆ ಮೊದಲು ತೊಳೀಬೇಡಿ. ಬಣ್ಣ ಬಿಡತ್ತೆ," ಎಂದಳು ಅವಳು.

ಬಿಲ್ಯಾನಾ ಅಂದುಕೊಂಡ ಹಾಗೆ ಮಂಗಳವಾರ ಮತ್ತು ಶುಕ್ರವಾರ ಬಂದಳು. ತಾಯಿ ಬಾಗಿಲು ತೆರೆಯುತ್ತಿದ್ದಳು, ಬಿಸಿನೀರು ಕಾಯಿಸಿ ಇಟ್ಟಿರುತ್ತಿದ್ದಳು, ಅಜ್ಜನ ತೋಳಿನ ಕೆಳಗೆ ಕೈ ಹಾಕಿ ಎತ್ತಲು ಸಹಾಯ ಮಾಡುತ್ತಿದ್ದಳು. ಅವರಿಬ್ಬರ ನಡುವೆ ನಡೆಯುತ್ತಿದ್ದ ಮಾತು "ಎತ್ತು", "ತಿರುಗಿಸು", "ಸೋಪು ಕೊಡು" ಇಷ್ಟೇ. ಅಕ್ಟೋಬರ್ ಮಧ್ಯದಲ್ಲಿ ದೆಸಾಂಕಾಳ ಸೊಂಟ ಹಿಡಿದುಕೊಂಡಿತು. ಎರಡು ವಾರ ಬಿಲ್ಯಾನಾ ದಿನವೂ ಬಂದಳು. ತಾಯಿ ಒಂದು ತಟ್ಟೆ ಹೆಚ್ಚು ಇಡತೊಡಗಿದಳು.

ನವೆಂಬರ್ ಎಂಟು ಸಂತ ದಿಮಿತ್ರಿಯ ದಿನ, ಅವರ ಮನೆದೇವರ ಹಬ್ಬ. ಆ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ನೆನಪಿದ್ದವರು ಬರುತ್ತಾರೆ. ಮನೆಯ ಯಜಮಾನ ದೀಪ ಹಚ್ಚಿ, ಹಬ್ಬದ ರೊಟ್ಟಿಯನ್ನು ಗಂಡುಮಕ್ಕಳ ಜೊತೆ ಹಿಡಿದು ತಿರುಗಿಸಿ ಮುರಿಯಬೇಕು. ರಾದಿಸಾವ್ ಹಿಂದಿನ ದಿನ ಫೋನ್ ಮಾಡಿದ್ದ. "ರಜೆ ಕೊಡ್ತಿಲ್ಲ. ಹೊಸಬ ನಾನು, ಹೇಗೆ ಕೇಳಲಿ? ಅಪ್ಪನ ಕೈಲೇ ದೀಪ ಹಚ್ಚಿಸು."

ದೆಸಾಂಕಾ ಮೂರು ದಿನ ಅಡುಗೆ ಮಾಡಿದಳು. ಕೋಸಿನೆಲೆಯಲ್ಲಿ ಸುತ್ತಿದ ಮಾಂಸ, ಹುರಿದ ಹಂದಿಮಾಂಸ, ಆಲೂಗಡ್ಡೆ ಸಲಾಡು, ಅಕ್ರೋಟಿನ ಕೇಕು. ಬಿಲ್ಯಾನಾ ಬೆಳಿಗ್ಗೆಯೇ ಬಂದು ಲೋಟ ಒರೆಸಿದಳು, ಅಜ್ಜನಿಗೆ ಬಿಳಿ ಅಂಗಿ ತೊಡಿಸಿದಳು. ಹನ್ನೊಂದು ಗಂಟೆಗೆ ಉರೋಶ್‌ನ ಕರೆ ಬಂತು. ಮುಖ ಕಾಣುವ ಕರೆ.

"ಹಬ್ಬದ ಶುಭಾಶಯ ಅಮ್ಮ!"

"ನಿನಗೂ ಕಂದ. ಏನು ತಿಂದೆ?" ಎಂದು ಫೋನನ್ನು ದೂರ ಹಿಡಿದು ನೋಡಿದಳು ದೆಸಾಂಕಾ. ಮಗನ ಹಿಂದೆ ಒಂದು ಮೇಜು. ಮೇಜಿನ ಮೇಲೆ ದೊಡ್ಡ ಮೇಣದ ದೀಪ ಉರಿಯುತ್ತಿತ್ತು. ಐದಾರು ಗಂಡಸರು ಕೂತಿದ್ದರು. ಹಿಂದೆ ಕಿಟಕಿ, ಹಳದಿ ಪರದೆ. ಪರದೆ ಕಿಟಕಿಗೆ ಚಿಕ್ಕದಾಗಿತ್ತು, ಎರಡೂ ಬದಿ ಒಂದು ಗೇಣು ಗಾಜು ಕಾಣುತ್ತಿತ್ತು. ಆ ಗಾಜಿನಾಚೆ ಮರದ ಬುಡ, ಬುಡಕ್ಕೆ ಒರಗಿಸಿದ ಸೈಕಲ್ಲು.

"ಉರೋಶ್, ಅದ್ಯಾವ ಮನೆ?"

"ನಮ್ಮನೆ ಅಮ್ಮ."

"ಮೂರನೇ ಮಹಡಿ ಕಿಟಕೀಲಿ ಸೈಕಲ್ ಹೇಗೆ ಕಾಣತ್ತೆ?"

ಹುಡುಗ ನಕ್ಕ. "ಕೆಳಗಿನ ಮನೆ ಸಿಕ್ತಲ್ಲ! ಒಬ್ಬರು ಖಾಲಿ ಮಾಡಿದ್ರು. ಮೂರು ರೂಮಿದೆ. ಮೂರು ವಾರ ಆಯ್ತು, ಅಪ್ಪ ಹೇಳ್ಲಿಲ್ವಾ?" ಎಂದವನು, ತಾಯಿಯ ಮುಖ ನೋಡಿ ನಗು ನಿಲ್ಲಿಸಿದ. "ಅಪ್ಪ," ಎಂದು ಕೂಗಿದ.

ರಾದಿಸಾವ್ ಫೋನ್ ತೆಗೆದುಕೊಂಡು ಇನ್ನೊಂದು ಕೋಣೆಗೆ ನಡೆದ. ಗೋಡೆಗಳು ಅಲುಗಾಡುತ್ತ ಹಿಂದೆ ಸರಿದವು. ಖಾಲಿ ಕೋಣೆ ಅದು. ಒಂದು ಮೂಲೆಯಲ್ಲಿ ಅವನ ಉಪಕರಣಗಳ ಪೆಟ್ಟಿಗೆ ಮಾತ್ರ ಇತ್ತು.

"ಹೇಳೋಣ ಅಂತಿದ್ದೆ," ಎಂದ.

"ಯಾವಾಗ?"

"ಇದು ಇನ್ನೂ ಗಟ್ಟಿ ಇಲ್ಲ ದೆಸಾಂಕಾ. ಇವರು ಯಾವಾಗ ಬೇಕಾದ್ರೂ ವಾಪಸ್ ಕೇಳಬಹುದು. ಅಪ್ಪನ್ನ ಐನೂರು ಕಿಲೋಮೀಟರ್ ಸಾಗಿಸಬೇಕು, ದಾರೀಲಿ ಏನಾದ್ರೂ ಆದ್ರೆ? ಚಳಿಗಾಲ ಕಳೀಲಿ."

"ಅಡುಗೆ ಯಾರು ಮಾಡಿದ್ರು?"

"ಕ್ಯಾಂಟೀನಿನವರು ಮಾಡಿಕೊಟ್ರು. ಜೊತೆ ಕೆಲಸ ಮಾಡೋರನ್ನ ಒಂದಿನ ಊಟಕ್ಕೆ ಕೂರಿಸದಿದ್ರೆ ಚೆನ್ನಾಗಿರಲ್ಲ. ಮನೇಲಿ ಮೂರು ಹೊತ್ತೂ ಆ ಕೂಗು, ಆ ವಾಸನೆ... ನನಗೂ ಐವತ್ತೇಳು ಕಣೇ. ಇಲ್ಲಿ ಸ್ವಲ್ಪ ಉಸಿರಾಡ್ತಿದೀನಿ. ನಾವಿಬ್ರೂ ಹೊಂದಿಕೊಂಡಿದೀವಿ. ನೀವೂ ಅಲ್ಲಿ ಹೊಂದಿಕೊಂಡಿದೀರಲ್ಲ."

"ಹೊಂದಿಕೊಂಡಿದೀವಿ," ಎಂದಳು ದೆಸಾಂಕಾ. "ಪರದೆ ಚಿಕ್ಕದಾಯ್ತು. ತೆಗೆದುಹಾಕು, ನೋಡಿದವರು ನಗ್ತಾರೆ." ಫೋನ್ ಆರಿಸಿದಳು.

"ಯಾರದು?" ಅಜ್ಜ ಕೇಳಿದ.

"ನಿಮ್ಮ ಮಗ. ಶುಭಾಶಯ ಹೇಳಿದ, ಮಾವ."

ಮಧ್ಯಾಹ್ನ ಜನ ಬಂದರು. ಲ್ಯೂಬಿಂಕಾ ಗಂಡನ ಜೊತೆ ಬಂದು ಎರಡು ಸಲ ಮಾಂಸ ಹಾಕಿಸಿಕೊಂಡಳು. "ಅಪ್ಪ ಎಷ್ಟು ಮೈಕೈ ತುಂಬ್ಕೊಂಡಿದಾನೆ! ಮನೇಲಿ ಇಟ್ಕೊಂಡು ನೋಡ್ಕೊಳ್ಳೋದು ಅಂದ್ರೆ ಇದೇ," ಎಂದಳು. ಪಕ್ಕದ ಮನೆಯವರು ಬಂದರು, ಗಿರಣಿಯ ಹಳೆಯ ಗೆಳೆಯರು ಇಬ್ಬರು ಬಂದರು. ಬಂದವರೆಲ್ಲ ರಾದಿಸಾವ್ ಎಲ್ಲಿ ಎಂದು ಕೇಳಿದರು. "ರಜೆ ಕೊಡ್ಲಿಲ್ಲ ಪಾಪ. ಬರಬೇಕು ಅಂತ ಅತ್ತುಬಿಟ್ಟ," ಎಂದಳು ದೆಸಾಂಕಾ. ಎರಡನೆಯವರಿಗೆ ಹೇಳುವಾಗ ಮಾತು ಇನ್ನೂ ಚೆನ್ನಾಗಿ ಕೂತಿತು. ನಾಲ್ಕನೆಯವರಿಗೆ ಹೇಳುವಾಗ ಅವಳ ಕಣ್ಣಲ್ಲೂ ನೀರು ಬಂತು. ಬಿಲ್ಯಾನಾ ತಟ್ಟೆ ಎತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ರೊಟ್ಟಿಯನ್ನು ಅಜ್ಜನ ಒಂದು ಕೈ, ಲ್ಯೂಬಿಂಕಾಳ ಗಂಡನ ಎರಡು ಕೈ ಹಿಡಿದು ಮುರಿದವು.

ನಾಲ್ಕು ಗಂಟೆಗೆ ಮನೆ ಖಾಲಿಯಾಯಿತು. ತಾಯಿ ತೊಳೆದಳು, ಮಗಳು ಒರೆಸಿದಳು.

"ನಾಳೆ ಒಂದು ಗಾಡಿ ಮಾಡ್ತೀನಿ," ಎಂದಳು ಬಿಲ್ಯಾನಾ. "ಅಜ್ಜನ್ನ ಹಿಂದೆ ಮಲಗಿಸೋಣ. ನಾನೂ ಬರ್ತೀನಿ. ನಿಮ್ಮಿಬ್ಬರನ್ನೂ ಅಪ್ಪನ ಬಾಗಿಲಲ್ಲಿ ಇಳಿಸಿ ಬರ್ತೀನಿ. ಆ ಮೂರನೇ ರೂಮು ಯಾರಿಗೆ ಅಂತ ಕೇಳ್ತೀನಿ."

"ಇಳಿಸಿ ಬರೋಕೆ ನಾನೇನು ಸಾಮಾನಾ?"

"ಅಮ್ಮ, ನೀನು ಅವನ ಹೆಂಡ್ತಿ!"

"ಕರೀಲಿಲ್ಲವಲ್ಲ ಅವನು. ಮೂರು ವಾರದಿಂದ ಜಾಗ ಇತ್ತು, ಕರೀಲಿಲ್ಲ." ದೆಸಾಂಕಾ ಕೊನೆಯ ಬಟ್ಟಲನ್ನು ಕೊಟ್ಟು ಕೈ ಒರೆಸಿಕೊಂಡಳು. "ಕರೀದೇ ಹೋಗಿ ಅವನ ಮುಖ ನೋಡೋದಕ್ಕಿಂತ ಇಲ್ಲೇ ಇವನ ಬೈಗುಳ ಕೇಳೋದು ವಾಸಿ. ಇವನು ಬಚ್ಚಿಡಲ್ಲ, ಎದುರಿಗೇ ಬೈತಾನೆ."

"ಹಾಗಾದ್ರೆ ನೀನೂ ಬಿಡು. ನನ್ನ ಹಾಗೆ ಬಾಗಿಲು ಹಾಕ್ಕೊಂಡು ಬಾ. ಆಗ ಅವನು ಬರಲೇಬೇಕಾಗತ್ತೆ."

ದೆಸಾಂಕಾ ಮಗಳನ್ನು ನೆಟ್ಟಗೆ ನೋಡಿದಳು. ಸೆಪ್ಟೆಂಬರಿನಿಂದ ಇದೇ ಮೊದಲ ಸಲ.

"ನಿನ್ನನ್ನ ಕೇಳದೆ ಇಟ್ಟು ಹೋಗೋಕೆ ನೋಡಿದ್ವಿ. ನೀನು ಎದ್ದು ಹೋದೆ. ಸರಿಯಾಗೇ ಮಾಡಿದೆ. ಅವತ್ತೂ ನನಗೆ ಗೊತ್ತಿತ್ತು ಸರಿ ಅಂತ. ಗೊತ್ತಿದ್ದೂ ದಿನಾ ನಿನ್ನ ಶಪಿಸ್ತೀನಿ. ಬೆಳಗ್ಗೆ ಅವನ ಹಾಸಿಗೆ ತೆಗೆಯೋವಾಗ ಶಪಿಸ್ತೀನಿ, ಅವನನ್ನ ತಿರುಗಿಸೋವಾಗ ಶಪಿಸ್ತೀನಿ. ನಿಮ್ಮಪ್ಪನ್ನ ಶಪಿಸೋಕೆ ಬಾಯಿ ಬರಲ್ಲ, ಅಭ್ಯಾಸ ಇಲ್ಲ. ನಿನ್ನ ಹೆಸರೇ ಬರತ್ತೆ. ಏನ್ಮಾಡಲಿ?"

ಬಿಲ್ಯಾನಾ ಒರೆಸುವ ಬಟ್ಟೆಯನ್ನು ಮೊಳೆಗೆ ನೇತುಹಾಕಿದಳು. ಕೋಟು ತೆಗೆದುಕೊಂಡಳು. ಒಂದು ತೋಳು ಹಾಕಿಕೊಂಡಿದ್ದಳು, ಅಷ್ಟರಲ್ಲಿ ಒಳಗಿನಿಂದ ಅಜ್ಜ ಕೂಗಿದ. ಯಾರನ್ನು ಕರೆದನೆಂದು ತಿಳಿಯಲಿಲ್ಲ. ಹಾಸಿಗೆ ಒದ್ದೆಯಾದಾಗ ಕೂಗು ಹಾಗೆಯೇ ಇರುತ್ತಿತ್ತು.

ಇಬ್ಬರೂ ಒಟ್ಟಿಗೆ ತಿರುಗಿದರು. ಬಿಲ್ಯಾನಾ ಹಾಕಿಕೊಂಡಿದ್ದ ತೋಳನ್ನು ಆಗಲೇ ಬಿಚ್ಚುತ್ತಿದ್ದಳು. ದೆಸಾಂಕಾ ಮುಂದೆ ಹೋಗಿ ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಇವತ್ತು ನಿನ್ನ ದಿನ ಅಲ್ಲ. ಹೋಗು," ಎಂದಳು. ಆಮೇಲೆ ಒಳಮುಖವಾಗಿ, "ಬಂದೆ ಮಾವ, ಬಂದೆ," ಎನ್ನುತ್ತ ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡಳು.